ಎಡಪಕ್ಕದ ತುಪ್ಪಳ

ಆಗಸ್ಟ್ 3

ಅಂಕಲ್‌ಗೆ,

ಇದು ಅಮ್ಮನಿಗೆ ಬರೆಯಬೇಕಾಗಿದ್ದ ಪತ್ರ. ಆದರೆ ಈ ತಿಂಗಳಿಂದ ಅವಳಿಗೆ ಮಕ್ಕಳ ವಾರ್ಡಿನಲ್ಲಿ ಪಾಳಿಯ ಮೇಲೆ ಪಾಳಿ ಬೀಳುತ್ತದಂತೆ, ತಕ್ಕಡಿಯನ್ನು ನೀವೇ ನೋಡಿಕೊಳ್ಳುತ್ತೀರಂತೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಈ ಈಜು ಶಾಲೆಯ ಹಾಸ್ಟೆಲಿನಲ್ಲಿ ಫೋನ್ ಕೊಡುವುದಿಲ್ಲ. ಭಾನುವಾರ ತಿಂಡಿಯಾದ ಮೇಲೆ ಒಂದು ಗಂಟೆ ಪತ್ರ ಬರೆಯಲು ಬಿಡುತ್ತಾರೆ, ಅಷ್ಟೆ.

ಮೊದಲನೆಯದಾಗಿ, ಅವಳನ್ನು 'ಅದು' ಎನ್ನಬೇಡಿ. ನೀವು ನಮ್ಮ ಮನೆಗೆ ಬಂದು ಎರಡು ವರ್ಷವಾದರೂ 'ಅದಕ್ಕೆ ಹುಲ್ಲು ಹಾಕಿದ್ಯಾ' ಎಂದೇ ಕೇಳುತ್ತೀರಿ. ಅವಳು ಹೆಣ್ಣು ಮೊಲ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು ಇರುವುದರಿಂದ ತಕ್ಕಡಿ ಎಂದು ಹೆಸರು. ಬುಟ್ಟಿಯಲ್ಲಿ ಒಣಹುಲ್ಲು ಯಾವಾಗಲೂ ತುಂಬಿರಬೇಕು. ಬೆಳಿಗ್ಗೆ ಒಂದು ಹಿಡಿ ಸೊಪ್ಪು. ಬಿಸ್ಕತ್ತು ಕೊಡಬೇಡಿ, ನೀವು ಕದ್ದು ಕೊಡುವುದು ನನಗೆ ಗೊತ್ತು. ಕಿವಿ ಹಿಡಿದು ಎತ್ತಬೇಡಿ. ದಿನಾ ಹಿಕ್ಕೆ ಗುಡಿಸುವಾಗ ಸುಮ್ಮನೆ ಗುಡಿಸದೆ ನೋಡಿ ಗುಡಿಸಿ. ಗುಂಡಗೆ, ಒಣಗಿ, ಒಂದೇ ಅಳತೆಯಲ್ಲಿದ್ದರೆ ಅವಳು ಚೆನ್ನಾಗಿದ್ದಾಳೆ ಎಂದರ್ಥ.

ತಕ್ಕಡಿಯನ್ನು ತಂದುಕೊಟ್ಟದ್ದು ಅಪ್ಪ. ಆಸ್ಪತ್ರೆ ಸೇರುವ ಹಿಂದಿನ ವರ್ಷ ಒಂದು ಟೋಪಿಯೊಳಗೆ ಇಟ್ಟುಕೊಂಡು ತಂದಿದ್ದರು. ನಿಮಗೆ ಇಷ್ಟು ಗೊತ್ತಿದ್ದರೆ ಸಾಕು.

ಇಂತಿ,
ತಕ್ಕಡಿಯ ಒಡತಿ


ಆಗಸ್ಟ್ 14

ತಕ್ಕಡಿಯ ಒಡತಿಯವರ ಸನ್ನಿಧಿಗೆ,

ತಮ್ಮ ಅಪ್ಪಣೆ ಬಂದು ತಲುಪಿತು. ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ನಿನ್ನ ಅಮ್ಮ ಪಾಳಿ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಪೂರ್ತಿ ಓದಿದಳು. "ನಿಮ್ಮನ್ನ ಮದುವೆ ಆಗುವಾಗ ನಾನೂ ಇಷ್ಟು ಷರತ್ತು ಹಾಕಿರ್ಲಿಲ್ಲ" ಎಂದಳು.

ತಕ್ಕಡಿ ಚೆನ್ನಾಗಿದೆ. ತಪ್ಪಾಯಿತು, ಚೆನ್ನಾಗಿದ್ದಾಳೆ. ನಾಲಿಗೆ ತಿರುಗಲು ಸ್ವಲ್ಪ ದಿನ ಬೇಕು. ಹುಲ್ಲು, ಸೊಪ್ಪು, ಹಿಕ್ಕೆ ಎಲ್ಲವೂ ನಿನ್ನ ಆಜ್ಞೆಯಂತೆ ನಡೆದಿವೆ. ಬಿಸ್ಕತ್ತಿನ ವಿಷಯ ನಿನಗೆ ಹೇಗೆ ಗೊತ್ತಾಯಿತು?

ಒಂದು ವಾರದಿಂದ ಅವಳ ಕೂದಲು ಉದುರತೊಡಗಿದೆ. ಉದುರುವುದೆಂದರೆ ಸಾಮಾನ್ಯವಲ್ಲ, ದಿಂಬು ಒಡೆದ ಹಾಗೆ. ಸೋಫಾ ಮೇಲೆ ಕೂದಲು, ಚಹಾದಲ್ಲಿ ಕೂದಲು, ನನ್ನ ಕರಿ ಪ್ಯಾಂಟು ಬೂದು ಬಣ್ಣಕ್ಕೆ ತಿರುಗಿದೆ. ಪಕ್ಕದ ಅಂಗಡಿಯ ದರ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ರೀ, ಅಂಗಡಿ ಕೂದಲು ಮನೆಗೆ ಹೊತ್ಕೊಂಡು ಹೋಗೋದು ಸಾಲ್ದು ಅಂತ ಮನೆ ಕೂದಲು ಅಂಗಡಿಗೂ ತರೋಕೆ ಶುರು ಮಾಡಿದ್ರಾ?" ಎಂದು ಕೇಳಿದ. ನೀನು ಗಾಬರಿಯಾಗಬೇಡ. ಮೂವತ್ತೊಂದು ವರ್ಷ ತಲೆಗಳ ನಡುವೆ ಬಾಳಿದವನು ನಾನು. ಕೂದಲಿನ ವಿಷಯದಲ್ಲಿ ನನಗೆ ಇನ್ನೊಬ್ಬರು ಹೇಳಿಕೊಡುವ ಅಗತ್ಯವಿಲ್ಲ.

ಇನ್ನೊಂದು ಸಮಾಚಾರ. ನಿನ್ನೆ ಅಂಗಡಿ ತೆರೆಯುವ ಮೊದಲು ಅವಳನ್ನು ಬುಟ್ಟಿಯಲ್ಲಿ ಕರೆದುಕೊಂಡು ಹೋಗಿದ್ದೆ. ಸಣ್ಣ ಮಕ್ಕಳನ್ನು ಕೂರಿಸಲು ಕುರ್ಚಿಯ ಕೈಗಳ ಮೇಲೆ ಅಡ್ಡ ಹಾಕುವ ಹಲಗೆ ಇದೆಯಲ್ಲ, ಅದರ ಮೇಲೆ ಕೂತು ಕನ್ನಡಿ ನೋಡಿಕೊಂಡಳು. ಎರಡು ವರ್ಷದಲ್ಲಿ ನಮ್ಮ ಮನೆಯವರೊಬ್ಬರು ನನ್ನ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ನೀನು ಎರಡು ಬೀದಿ ಆಚೆಯ ಪಾರ್ಲರಿಗೇ ಹೋಗುತ್ತೀಯ. ಹೋಗು, ಬೇಡವೆಂದವರಾರು? ಆದರೆ ಹಿಂದೆ ಸೊಟ್ಟಗೆ ಕತ್ತರಿಸಿ ಕಳಿಸುತ್ತಾರೆ. ಹೇಳಬಾರದೆಂದಿದ್ದೆ, ಹೇಳಿಬಿಟ್ಟೆ.

ಇಂತಿ,
ತಕ್ಕಡಿಯ ಆಳು


ಆಗಸ್ಟ್ 24

ಅಂಕಲ್‌ಗೆ,

ಇದನ್ನು ಸರಿಯಾಗಿ ಓದಿ. ಕನ್ನಡಕ ಹಾಕಿಕೊಂಡು ಓದಿ.

ಅದು ರೋಗವಲ್ಲ, ತುಪ್ಪಳ ಬದಲಿಸುವ ಕಾಲ. ವರ್ಷಕ್ಕೆ ಎರಡು ಸಲ ಜೋರಾಗಿ ಬದಲಿಸುತ್ತಾಳೆ, ನಡುವೆ ಒಂದೆರಡು ಸಲ ಸುಮಾರಾಗಿ. ಮೊದಲು ಮುಖ, ಆಮೇಲೆ ಕುತ್ತಿಗೆ, ಹಾಗೇ ಹಿಂದಕ್ಕೆ ಹೋಗುತ್ತಾ ಕೊನೆಗೆ ಬಾಲದ ಹತ್ತಿರ ಮುಗಿಯುತ್ತದೆ. ನಡುವಿನಲ್ಲಿ ನೋಡಿದರೆ ವಿಕಾರವಾಗಿ ಕಾಣುತ್ತಾಳೆ. ನಗಬೇಡಿ, ಅವಳಿಗೆ ಗೊತ್ತಾಗುತ್ತದೆ.

ಭಯಪಡಬೇಕಾದದ್ದು ಕೂದಲು ಉದುರುವುದಕ್ಕಲ್ಲ, ಅವಳು ಅದನ್ನು ನುಂಗುವುದಕ್ಕೆ. ಮೈ ನೆಕ್ಕಿಕೊಳ್ಳುತ್ತಲೇ ಇರುತ್ತಾಳೆ, ಕೂದಲೆಲ್ಲ ಹೊಟ್ಟೆಗೆ ಹೋಗುತ್ತದೆ. ಬೆಕ್ಕಿನ ಹಾಗೆ ವಾಂತಿ ಮಾಡಿ ಹೊರಗೆ ಹಾಕಲು ಮೊಲಕ್ಕೆ ಬರುವುದಿಲ್ಲ. ಹಿಕ್ಕೆಗಳು ಮಣಿಸರದಂತೆ ಒಂದಕ್ಕೊಂದು ಕೂದಲಿನಿಂದ ಸೇರಿಕೊಂಡು ಬಿದ್ದರೆ ಹುಲ್ಲು, ನೀರು ಜಾಸ್ತಿ ಕೊಡಿ. ಅರ್ಧ ದಿನ ಏನೂ ತಿನ್ನದೆ ಮೂಲೆಯಲ್ಲಿ ಕೂತರೆ ಅಂಗಡಿ ಮುಚ್ಚಿ ಡಾಕ್ಟರ ಹತ್ತಿರ ಓಡಿ. ಅಮ್ಮ ಬರಲಿ ಎಂದು ಕಾಯಬೇಡಿ.

ದಿನಾ ಬಾಚಬೇಕು. ಮೆತ್ತನೆಯ ಬ್ರಷ್ ನನ್ನ ಮೇಜಿನ ಎರಡನೆಯ ಡ್ರಾಯರಿನಲ್ಲಿದೆ. ಅದು ಸಾಲದಿದ್ದರೆ ಕೈ ಒದ್ದೆ ಮಾಡಿಕೊಂಡು ಮೈ ಸವರಿ, ಸಡಿಲವಾದ ಕೂದಲು ತಾನಾಗಿ ಅಂಟಿಕೊಂಡು ಬರುತ್ತದೆ. ಸ್ನಾನ ಮಾಡಿಸಬೇಡಿ. ನಿಮ್ಮ ಅಂಗಡಿಯ ಯಾವ ಶಾಂಪೂವನ್ನೂ ಹಾಕಬೇಡಿ. ಮುಖ್ಯವಾಗಿ, ಕತ್ತರಿ, ಮೆಷಿನ್ ಎರಡನ್ನೂ ಮುಟ್ಟಬೇಡಿ. ಮೊಲದ ಚರ್ಮ ಕಾಗದದಷ್ಟು ತೆಳು. ಎಳೆದರೆ ಹರಿಯುತ್ತದೆ.

ಇಲ್ಲಿ ದಿನಾ ನಾಲ್ಕು ಗಂಟೆ ನೀರಿನಲ್ಲಿ. ನನ್ನ ಕೂದಲೂ ಹುಲ್ಲಿನ ಹಾಗಾಗಿದೆ. ಆದರೆ ಅದು ನಿಮಗೆ ಬೇಕಾಗಿಲ್ಲದ ವಿಷಯ.

ಇಂತಿ,
ತಕ್ಕಡಿಯ ಒಡತಿ


ಸೆಪ್ಟೆಂಬರ್ 6

ಒಡತಿಗೆ,

ಪತ್ರ ತಲುಪಿತು. ಕನ್ನಡಕ ಹಾಕಿಕೊಂಡೇ ಓದಿದೆ. ತಕ್ಕಡಿ ಚೆನ್ನಾಗಿದ್ದಾಳೆ. ಚೆನ್ನಾಗಿ ತಿನ್ನುತ್ತಾಳೆ. ಹಿಕ್ಕೆ ಗುಂಡಗೆ, ಒಂದೇ ಅಳತೆ.

ಸುಮ್ಮನೆ ಕೇಳುತ್ತೇನೆ, ಮೊಲಕ್ಕೆ ತುಪ್ಪಳ ಪೂರ್ತಿ ಬರಲು ಎಷ್ಟು ದಿನ ಬೇಕಾಗುತ್ತದೆ? ಮತ್ತೆ, ಅವಳ ಚರ್ಮದ ಬಣ್ಣ ಯಾವುದು? ಹುಟ್ಟಿದಾಗಿನಿಂದ ಇರುವ ಮಚ್ಚೆ ಏನಾದರೂ ಇದೆಯೇ? ಎಡಗಡೆಗೆ? ತಿಳಿದುಕೊಳ್ಳೋಣವೆಂದು ಕೇಳಿದೆ, ಅಷ್ಟೆ.

ಅಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ಎಲ್ಲರೂ ಚೆನ್ನಾಗಿದ್ದೇವೆ.

ಇಂತಿ,
ಆಳು


ಸೆಪ್ಟೆಂಬರ್ 14

ಅಂಕಲ್‌ಗೆ,

ನೀವು ಬರೆದ ಪತ್ರಗಳಲ್ಲೇ ಇದು ಚಿಕ್ಕದು. ಜೋಕ್ ಒಂದೂ ಇಲ್ಲ. ದರ್ಜಿ ಅಂಕಲ್ ಏನೂ ಹೇಳಲಿಲ್ಲವಾ?

ಆರು ವರ್ಷ ಅವಳನ್ನು ಸಾಕಿದ್ದೇನೆ. ಅವಳ ಚರ್ಮದ ಬಣ್ಣ ನನಗೇ ಗೊತ್ತಿಲ್ಲ, ಯಾಕೆಂದರೆ ಕೂದಲು ಇದ್ದರೆ ಚರ್ಮ ಕಾಣುವುದಿಲ್ಲ. ನಿಮಗೆ ಹೇಗೆ ಕಂಡಿತು?

ಅಮ್ಮನ ಪತ್ರವೂ ಬಂದಿದೆ. ಪಕ್ಕದ ಅಂಗಡಿಯ ದರ್ಜಿಯಿಂದ ಮೊಲಕ್ಕೆ ಒಂದು ಅಂಗಿ ಹೊಲಿಸಿದ್ದಾರೆ, ಎಡಗಡೆಗೆ ಮಾತ್ರ ದಪ್ಪ ಬಟ್ಟೆ ಎಂದು ಬರೆದಿದ್ದಾಳೆ. 'ಯಾಕೆ ಅಂತ ಅವರನ್ನೇ ಕೇಳು, ಅವರು ಹೇಳಬೇಕಾದ್ದು ಅದು' ಎಂದು ಕೆಳಗೆ ಗೆರೆ ಎಳೆದಿದ್ದಾಳೆ. ಅಮ್ಮ ಯಾವತ್ತೂ ಗೆರೆ ಎಳೆಯುವುದಿಲ್ಲ.

ಏನಾಗಿದೆ?

ಒಡತಿ


ಸೆಪ್ಟೆಂಬರ್ 24

ಮಗು,

ಮೂರು ಸಲ ಬರೆದು ಹರಿದುಹಾಕಿ ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ತಕ್ಕಡಿ ಬದುಕಿದ್ದಾಳೆ, ತಿನ್ನುತ್ತಿದ್ದಾಳೆ, ಈ ಪತ್ರ ಬರೆಯುವಾಗ ನನ್ನ ಪಾದದ ಮೇಲೆ ಕೂತಿದ್ದಾಳೆ. ಉಳಿದದ್ದನ್ನು ಓದಿ ಎಷ್ಟು ಬೇಕಾದರೂ ಬೈಯಿ.

ಆಗಸ್ಟ್ 23ರ ಮಧ್ಯಾಹ್ನ. ಅಂಗಡಿಗೆ ಬೀಗ, ಸೆಕೆ ಸೆಕೆ, ಕೈಗೆ ಕೆಲಸವಿಲ್ಲ. ತಕ್ಕಡಿಯ ಬೆನ್ನಿನ ಮೇಲೆ ಒಂದು ಗೆರೆ ಬಂದಿತ್ತು. ಗೆರೆಯ ಮುಂದೆಲ್ಲ ನುಣುಪು, ಗೆರೆಯ ಹಿಂದೆಲ್ಲ ಹರಿದ ಹಾಸಿಗೆಯ ಹತ್ತಿ. ಅರ್ಧ ಕಟಿಂಗ್ ಆಗುವಾಗ ಕರೆಂಟು ಹೋಗಿ ಹಾಗೇ ಎದ್ದುಬಂದ ಗಿರಾಕಿಯ ಹಾಗೆ ಕಾಣುತ್ತಿದ್ದಳು. ಅರ್ಧಕ್ಕೆ ನಿಂತ ತಲೆಯನ್ನು ನೋಡಿ ಸುಮ್ಮನಿರುವುದು ನನ್ನಿಂದಾಗದು. ಬಸ್ಸಿನಲ್ಲಿ ಮುಂದಿನ ಸೀಟಿನವನ ಕುತ್ತಿಗೆಯ ಹಿಂದೆ ಕೂದಲು ಏರುಪೇರಾಗಿದ್ದರೂ ಕೈ ಕಡಿಯುತ್ತದೆ. ಹೇಗೂ ಉದುರುವ ಕೂದಲು, ಸೆಕೆಯೂ ತಪ್ಪುತ್ತದೆ, ಹೊಟ್ಟೆಗೆ ಹೋಗುವುದೂ ತಪ್ಪುತ್ತದೆ ಎಂದು ನನ್ನ ಅತಿಬುದ್ಧಿ ಹೇಳಿತು. ಮೆಷಿನ್ ತಂದೆ.

ಮಗು, ನಾನು ಎಡಪಕ್ಕವನ್ನು ಭುಜದಿಂದ ತೊಡೆಯವರೆಗೆ ಬೋಳಿಸಿದೆ. ತೊಡೆಯ ಹತ್ತಿರ ಚರ್ಮ ಮಡಚಿಕೊಂಡು ಮೆಷಿನ್ನಿನ ಹಲ್ಲಿಗೆ ಸಿಕ್ಕಿತು. ಅವಳು ಕಿರುಚಲಿಲ್ಲ. ಹಿಂಗಾಲಿನಿಂದ ಒಮ್ಮೆ ಒದ್ದು ಸುಮ್ಮನಾದಳು. ಒಂದು ಅಕ್ಕಿಕಾಳಿನಷ್ಟು ಗಾಯ, ಒಂದು ಹನಿ ರಕ್ತ. ನೀನು 'ಮೆಷಿನ್ ಮುಟ್ಟಬೇಡಿ' ಎಂದು ಬರೆದ ಪತ್ರ ಬಂದದ್ದು ಅದಾದ ಒಂಬತ್ತನೆಯ ದಿನ.

ಮರುದಿನ ಬೆಳಿಗ್ಗೆಯೇ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದೆ. ಅಲ್ಲಿ ಒಂದು ಚೀಟಿ ತುಂಬಿಸಿಕೊಂಡು ಒಳಗೆ ಬಿಡುತ್ತಾರೆ. ಆಕೆ ಮೊಲವನ್ನು ತಿರುಗಿಸಿ ನೋಡಿ, "ಯಾರ್ರೀ ಇದನ್ನ ಹೀಗೆ ಬೋಳಿಸಿದ್ದು?" ಎಂದರು.

"ಗೊತ್ತಿಲ್ಲ ಮೇಡಂ, ಯಾರೋ" ಎಂದೆ.

ಆಕೆ ಚೀಟಿ ನೋಡಿದರು. ಕಸುಬು ಎಂಬಲ್ಲಿ ನನ್ನ ಕೈಬರಹದಲ್ಲೇ 'ಕ್ಷೌರಿಕ' ಎಂದಿತ್ತು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಗಾಯ ಸಣ್ಣದು, ವಾಸಿಯಾಗುತ್ತೆ. ಬಿಸಿಲು, ಚಳಿ ಎರಡೂ ತಾಗದ ಹಾಗೆ ನೋಡ್ಕೊಳ್ಳಿ. ಮೊಲ ನಿಮ್ದಾ?" ಎಂದರು.

"ಅಲ್ಲ, ನನ್ನ ಮಗಳದು" ಎಂದುಬಿಟ್ಟೆ.

ಬಾಯಿ ತಪ್ಪಿ ಬಂತು. ಮನೆಗೆ ಬರುವವರೆಗೂ ಅದೇ ತಲೆಯಲ್ಲಿತ್ತು. ನಿನಗೆ ಸರಿಯಿಲ್ಲವೆನ್ನಿಸಿದರೆ ಈ ಸಾಲನ್ನು ಹೊಡೆದುಹಾಕು.

ಎರಡು ವಾರ ಕಳೆಯಿತು. ಗಾಯ ಮಾಯಿತು. ಇನ್ನು ನೀನು ಬರುವುದರೊಳಗೆ ಕೂದಲು ಬಂದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲವೆಂದು ಧೈರ್ಯ ಮಾಡಿಕೊಂಡೆ. ಅಷ್ಟರಲ್ಲಿ ಬೋಳು ಜಾಗದಲ್ಲಿ ಅಲ್ಲಲ್ಲಿ ನೀಲಿಗಪ್ಪು ತೇಪೆಗಳು ಎದ್ದವು. ನನ್ನ ಕಸುಬಿನವರಿಗೆ ತಲೆಯ ಮೇಲೆ ತೇಪೆ ಕಂಡರೆ ಮೊದಲು ನೆನಪಾಗುವುದು ಹುಳುಕಡ್ಡಿ. ಅಂಗಡಿಯ ಬಾಚಣಿಗೆಗಳನ್ನೆಲ್ಲ ಕುದಿಸಿದೆ. ಇಬ್ಬರು ಗಿರಾಕಿಗಳನ್ನು ಅರ್ಧ ಗಡ್ಡದಲ್ಲೇ ಎಬ್ಬಿಸಿ ದರ್ಜಿಯ ಅಂಗಡಿಯಲ್ಲಿ ಕೂರಿಸಿ ಬುಟ್ಟಿ ಎತ್ತಿಕೊಂಡು ಓಡಿದೆ.

ಡಾಕ್ಟರಮ್ಮ ಬೆರಳಿನಿಂದ ಸವರಿ ನೋಡಿ ನಕ್ಕರು. "ಇದು ರೋಗ ಅಲ್ಲ. ಕೆಳಗಿಂದ ಹೊಸ ಕೂದಲು ಹೊರಡ್ತಿದೆ. ಎಲ್ಲಿ ಹೊರಡುತ್ತೋ ಅಲ್ಲಿ ಚರ್ಮ ಕಪ್ಪಾಗುತ್ತೆ. ಎಲ್ಲಾ ಮೊಲಕ್ಕೂ ಹೀಗೇ, ಮೇಲೆ ತುಪ್ಪಳ ಇರುತ್ತಲ್ಲ, ಕಾಣಲ್ಲ. ನೀವು ಬೋಳಿಸಿದ್ರಿ, ನಿಮಗೆ ಕಾಣ್ತು" ಎಂದರು. ಹೆದರಬೇಕಾದದ್ದು ಬಿಳಿ ಹೊಟ್ಟು, ಹಕ್ಕಳೆ, ಎಡೆಬಿಡದ ಕೆರೆತ, ಕೆಂಪಗೆ ಬೋಳಾದ ಜಾಗ, ಇವಕ್ಕಂತೆ. ಇವಳಿಗೆ ಅದೊಂದೂ ಇಲ್ಲ.

ಮೂವತ್ತೊಂದು ವರ್ಷ ನಾನು ನೋಡಿದ್ದು ಕೂದಲು ಹೋಗುವುದನ್ನು ಮಾತ್ರ. ಬಿದ್ದದ್ದನ್ನು ಗುಡಿಸಿ ಮುಂದಿನವರನ್ನು ಕರೆಯುತ್ತಿದ್ದೆ. ಬರುವಾಗ ಹೇಗೆ ಬರುತ್ತದೆಂದು ಒಂದು ದಿನವೂ ನಿಂತು ನೋಡಿರಲಿಲ್ಲ.

ನಿನ್ನ ಅಪ್ಪ ತಂದುಕೊಟ್ಟದ್ದನ್ನು ನನ್ನ ಕೈಗೆ ಕೊಟ್ಟು ಹೋಗಿದ್ದೆ. ನಾನು ಹೀಗೆ ಮಾಡಿದೆ. ಅದನ್ನು ಮುಚ್ಚಿಟ್ಟು 'ಚೆನ್ನಾಗಿದ್ದಾಳೆ' ಎಂದು ಬರೆದೆ. ತಪ್ಪಾಯಿತು.

ಇಂತಿ,
ಅಂಗಡಿಯವನು


ಅಕ್ಟೋಬರ್ 5

ಒಡತಿಗೆ,

ವರದಿ. ತೂಕ ಸರಿಯಿದೆ, ಹಿಕ್ಕೆ ಸರಿಯಿದೆ. ನಿನ್ನೆ ಎರಡು ಹಿಕ್ಕೆ ಕೂದಲಿನಿಂದ ಸೇರಿಕೊಂಡಿದ್ದವು. ಹುಲ್ಲು ಜಾಸ್ತಿ ಹಾಕಿ ದಿನವಿಡೀ ಕಾದೆ. ಸಂಜೆ ಸರಿಹೋಯಿತು.

ಎಡಪಕ್ಕದ ಚಿತ್ರ ಬರೆದು ಕಳಿಸುತ್ತಿದ್ದೇನೆ. ಗೆರೆ ಎಳೆದದ್ದೆಲ್ಲ ಕಪ್ಪು ತೇಪೆ. ಚುಕ್ಕೆ ಇಟ್ಟದ್ದು ಕೂದಲು ಮೊಳೆತ ಜಾಗ. ನಿನ್ನ ಅಮ್ಮ ನೋಡಿ ದ್ವೀಪಗಳ ನಕ್ಷೆಯೇ ಎಂದು ಕೇಳಿದಳು. ಉತ್ತರ ಬರೆಯಲೇಬೇಕೆಂದಿಲ್ಲ.

ಅಂಗಡಿಯವನು


ಅಕ್ಟೋಬರ್ 19

ಒಡತಿಗೆ,

ಎರಡು ದ್ವೀಪ ಕೂಡಿಕೊಂಡವು. ಹೊಸ ಕೂದಲು ಹಳೆಯದಕ್ಕಿಂತ ಒಂದು ಛಾಯೆ ಗಾಢ. ದರ್ಜಿ ಟೇಪು ತಂದು ಅಳೆದು ಅರ್ಧ ಬೆರಳು ಎಂದ. ಈಗ ಬಲಪಕ್ಕದಲ್ಲಿ ಉದುರುವುದು ನಿಂತಿದೆ. ದಿನಾ ಅಂಗಡಿ ತೆರೆಯುವ ಮೊದಲು ಒದ್ದೆ ಕೈಯಲ್ಲಿ ಸವರಿ, ನಿನ್ನ ಬ್ರಷ್‌ನಿಂದ ಬಾಚುತ್ತೇನೆ. ಎಡಗಡೆಗೆ ಕೈ ಒಯ್ದರೆ ಮೊದಲು ಸರಿದುಕೊಳ್ಳುತ್ತಿದ್ದಳು. ಇವತ್ತು ಸರಿಯಲಿಲ್ಲ. ಕಣ್ಣು ಅರೆಮುಚ್ಚಿ ಹಲ್ಲು ಮೆಲ್ಲಗೆ ಕಟಕಟ ಅನ್ನಿಸಿದಳು. ನೋವಿಗೋ ಎಂದು ಹೆದರಿ ಡಾಕ್ಟರಮ್ಮನನ್ನು ಕೇಳಿದೆ. ಸುಖಕ್ಕೂ ಹಾಗೆ ಮಾಡುತ್ತವಂತೆ.

ಅಂಗಡಿಯವನು


ನವೆಂಬರ್ 2

ಒಡತಿಗೆ,

ನಿನ್ನ ಪತ್ರ ಬಂದು ಆರು ವಾರವಾಯಿತು. ಟಪಾಲಿನವನು ಬೀದಿಯ ತುದಿಯಲ್ಲಿ ಕಂಡರೆ ಗಿರಾಕಿಯ ತಲೆ ಬಿಟ್ಟು ಬಾಗಿಲಿಗೆ ಬರುತ್ತೇನೆ. ಅವನು ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ. ಈಗ ಅವನಿಗೂ ನನ್ನ ಮುಖ ನೋಡಲು ಬೇಸರ.

ತಕ್ಕಡಿಗೆ ಅಂಗಿ ಬೇಕಾಗಿಲ್ಲ. ಬಿಚ್ಚಿದೆ. ಬಿಚ್ಚಿದ ಕೂಡಲೇ ಅದನ್ನು ಕಡಿದುಹಾಕಿದಳು.

ಅಂಗಡಿಯವನು


ನವೆಂಬರ್ 9

ಅಂಕಲ್‌ಗೆ,

ನಿಮ್ಮ ಪತ್ರ ಓದಿದ ದಿನ ನಾನು ನೀರಿಗೆ ಇಳಿಯಲಿಲ್ಲ. ಜ್ವರ ಎಂದು ಸುಳ್ಳು ಹೇಳಿ ಮಲಗಿದೆ. ನಿಮಗೆ ಬರೆದ ಮೊದಲ ಎರಡು ಉತ್ತರಗಳನ್ನು ಹರಿದುಹಾಕಿದೆ. ಅವುಗಳಲ್ಲಿ ಏನಿತ್ತೆಂದು ಹೇಳುವುದಿಲ್ಲ. ಒಂದರಲ್ಲಿ ಮೆಷಿನ್ನಿನಿಂದ ನಿಮ್ಮ ಮೀಸೆಯ ಎಡಪಕ್ಕವನ್ನು ಬೋಳಿಸಬೇಕೆಂದು ಬರೆದಿದ್ದೆ. ಅದೊಂದೇ ಹೇಳಬಹುದಾದದ್ದು.

ನನಗೆ ಸಿಟ್ಟು ಬಂದದ್ದು ಬೋಳಿಸಿದ್ದಕ್ಕಲ್ಲ. ನಿಮ್ಮ ಕೈಗೆ ಮೆಷಿನ್ ಸಿಕ್ಕರೆ ಹೀಗೇ ಆಗುತ್ತದೆಂದು ನಾನೇ ಊಹಿಸಬೇಕಿತ್ತು. ಸಿಟ್ಟು ಬಂದದ್ದು 'ಚೆನ್ನಾಗಿದ್ದಾಳೆ' ಎಂದದ್ದಕ್ಕೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹದಿನೇಳು ದಿನ ಎಲ್ಲರೂ ನನಗೆ ಅದನ್ನೇ ಹೇಳಿದರು. ಅಮ್ಮನೂ ಹೇಳಿದಳು. 'ಚೆನ್ನಾಗಿದ್ದಾರೆ, ನೀನು ಊಟ ಮಾಡು.' ನಾನು ಊಟ ಮಾಡುತ್ತಿದ್ದೆ. ಹದಿನೆಂಟನೆಯ ದಿನ ಶಾಲೆಯಿಂದ ಕರೆದುಕೊಂಡು ಬಂದರು. ಅವತ್ತಿನಿಂದ ಯಾರಾದರೂ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆದರೆ ಏನಾಗಿದೆ ಎಂದು ಹುಡುಕತೊಡಗುತ್ತೇನೆ.

ಆಮೇಲೆ ನಿಮ್ಮ ನಕ್ಷೆ ಬಂತು. ಎರಡು ಹಿಕ್ಕೆ ಸೇರಿಕೊಂಡದ್ದನ್ನೂ ನೀವು ಬರೆದಿದ್ದಿರಿ. ಬರೆಯದೆ ಬಿಡಬಹುದಿತ್ತು. ಅದನ್ನು ನಾನು ಗಮನಿಸಿದೆ.

ನಕ್ಷೆಯನ್ನು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಮೇಲಿನ ಮಂಚದ ಹುಡುಗಿ, ಬಟ್ಟೆ ಒಗೆಯುವ ಅಕ್ಕ, ಕೋಚ್ ಎಲ್ಲರೂ ಯಾವ ದೇಶ ಎಂದು ಕೇಳುತ್ತಾರೆ. ನಮ್ಮ ಮೊಲದ ಎಡಪಕ್ಕ ಎನ್ನುತ್ತೇನೆ.

ಇನ್ನು ಮೇಲೆ ಯಾವ ಪತ್ರದಲ್ಲಾದರೂ ಕೆಟ್ಟದ್ದನ್ನು ಮೊದಲು ಬರೆಯಿರಿ. ಒಳ್ಳೆಯದು ಎಷ್ಟು ತಡವಾದರೂ ಪರವಾಗಿಲ್ಲ. ಆ ಡಾಕ್ಟರಮ್ಮನಿಗೆ ನೀವು ಹೇಳಿದ ಸಾಲನ್ನು ನಾನು ಹೊಡೆದುಹಾಕಿಲ್ಲ. ಹಾಗಂತ ಒಪ್ಪಿದ್ದೇನೆ ಎಂದೂ ಅಲ್ಲ.

ಇಂತಿ,
ಒಡತಿ


ನವೆಂಬರ್ 19

ಒಡತಿಗೆ,

ಕೆಟ್ಟದ್ದು ಮೊದಲು. ತಕ್ಕಡಿ ನಿನ್ನ ಈಜಿನ ಹಳೆಯ ಚೀಲದ ಪಟ್ಟಿ ಕಡಿದಿದ್ದಾಳೆ. ನಿನ್ನ ಅಮ್ಮನಿಗೆ ಮೂರು ದಿನದಿಂದ ಸೊಂಟ ನೋವು, ನಿಂತೇ ಕೆಲಸ ಮಾಡಿದ್ದಕ್ಕೆ. ಮಾತ್ರೆ ತೆಗೆದುಕೊಂಡಿದ್ದಾಳೆ, ಇವತ್ತು ರಜೆ ಹಾಕಿ ಮಲಗಿದ್ದಾಳೆ. ಬಿಸ್ಕತ್ತು ಒಂದೇ ಒಂದು ಕೊಟ್ಟೆ, ಅರ್ಧವೇ. ಹಾಸ್ಟೆಲ್ ವಿಳಾಸ ಬರೆಯುವಾಗ ಮಸಿ ಚೆಲ್ಲಿ ಮೇಜಿನ ಬಟ್ಟೆ ಹಾಳಾಯಿತು. ಅದು ಅಮ್ಮನಿಗೆ ಇನ್ನೂ ಗೊತ್ತಿಲ್ಲ, ನೀನೂ ಹೇಳಬೇಡ.

ಹದಿನೇಳು ದಿನದ ವಿಷಯವನ್ನು ಅಮ್ಮನಿಗೆ ಓದಿ ಹೇಳಿದೆ. ನಿನ್ನನ್ನು ಕೇಳದೆ ಓದಿದೆ, ಇದನ್ನೂ ಕೆಟ್ಟದ್ದರ ಲೆಕ್ಕಕ್ಕೇ ಸೇರಿಸು. ಅವಳು ಪತ್ರವನ್ನು ಕೈಗೆ ತೆಗೆದುಕೊಂಡು ತಾನೂ ಒಮ್ಮೆ ಓದಿದಳು. ಆಮೇಲೆ, "ನಂಗೂ ಯಾರೂ ನಿಜ ಹೇಳ್ತಿರ್ಲಿಲ್ಲ ಕಣ್ರೀ. ನರ್ಸ್ ಆಗಿದ್ದೂ ನಂಬಿಕೊಂಡು ಕೂತಿದ್ದೆ" ಎಂದಳು. ನಿನಗೆ ಬೇರೆ ಪತ್ರ ಬರೆಯುತ್ತಾಳೆ.

ಈಗ ಒಳ್ಳೆಯದು. ಎಡಪಕ್ಕ ಪೂರ್ತಿ ತುಂಬಿತು. ತೇಪೆ ಒಂದೂ ಕಾಣುವುದಿಲ್ಲ. ಎಡಗಡೆ ಗಾಢ ಬೂದು, ಬಲಗಡೆ ತೆಳು ಬೂದು, ನಡುವೆ ಬೈತಲೆಯ ಹಾಗೆ ಸಣ್ಣ ಗೆರೆ. ಮುಂದಿನ ಸಲ ತುಪ್ಪಳ ಬದಲಿಸುವಾಗ ಎರಡೂ ಒಂದಾಗುತ್ತವೆ ಎಂದರು ಡಾಕ್ಟರಮ್ಮ. ಗಿರಾಕಿಗಳು ಇವಳನ್ನು ನೋಡಲೆಂದೇ ಅರ್ಧ ಗಂಟೆ ಮುಂಚೆ ಬರುತ್ತಾರೆ. ದರ್ಜಿ ಮಾತ್ರ ಇನ್ನೂ, "ಒಂದು ಕಡೆ ಮಾತ್ರ ಬಣ್ಣ ಹಾಕಿದ್ರಾ?" ಎಂದು ಕೇಳುತ್ತಾನೆ.

ಮೀಸೆಯ ವಿಷಯ. ನೀನು ಹೇಳಿದ ಶಿಕ್ಷೆ ನ್ಯಾಯವಾಗಿದೆ. ರಜೆಗೆ ಬಂದಾಗ ನಿನ್ನ ಕೈಗೇ ಮೆಷಿನ್ ಕೊಡುತ್ತೇನೆ.

ಇಂತಿ,
ತಕ್ಕಡಿಯ ಆಳು


ನವೆಂಬರ್ 30

ಅಂಕಲ್‌ಗೆ,

ಕೆಟ್ಟದ್ದು ಮೊದಲು. ನೂರು ಮೀಟರಿನಲ್ಲಿ ಐದನೆಯವಳಾದೆ. ತಿರುಗುವಾಗ ಕಾಲು ಜಾರಿತು. ಅಳಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಅತ್ತಿದ್ದೆ.

ಡಿಸೆಂಬರ್ 20ಕ್ಕೆ ರಜೆ ಶುರು. ಅವತ್ತು ಅಮ್ಮನಿಗೆ ಪಾಳಿ ಬದಲಿಸಿಕೊಳ್ಳಲು ಆಗುವುದಿಲ್ಲವಂತೆ, ಅವಳೇ ಬರೆದಿದ್ದಾಳೆ. ಇನ್ನೂ ತುಂಬಾ ಬರೆದಿದ್ದಾಳೆ. ಅದು ನಮ್ಮಿಬ್ಬರ ವಿಷಯ, ಆದರೆ ಒಳ್ಳೆಯದೇ. ಇಲ್ಲಿ ಮನೆಯವರು ಬಂದು ಸಹಿ ಮಾಡಿ ಕರೆದುಕೊಂಡು ಹೋಗಬೇಕು. ವಾರ್ಡನ್ ಹತ್ತಿರ ನೀವು ಬರುತ್ತೀರಿ ಎಂದೆ.

"ಅವರು ನಿನಗೇನಾಗಬೇಕು?" ಎಂದರು.

"ನನ್ನ ಮೊಲ ನೋಡ್ಕೊಳ್ಳೋರು" ಎಂದೆ.

"ಹಾಗಂತ ಬರೆದ್ರೆ ಗೇಟಿನವನು ಬಿಡಲ್ಲಮ್ಮ" ಎಂದರು.

ಅರ್ಜಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಎಲ್ಲ ತುಂಬಿದ್ದೇನೆ, 'ಸಂಬಂಧ' ಎಂಬ ಜಾಗ ಒಂದು ಖಾಲಿ. ಏನು ಬರೆಯಬೇಕೆಂದು ನನಗೆ ತಿಳಿಯಲಿಲ್ಲ. ನೀವೇ ಬರೆದು ಕಳಿಸಿ. ಪೆನ್ಸಿಲಿನಲ್ಲಿ ಬರೆಯಿರಿ. ನನಗೆ ಹಿಡಿಸದಿದ್ದರೆ ಅಳಿಸುತ್ತೇನೆ.

ಇನ್ನೊಂದು. ರಜೆಗೆ ಬಂದಾಗ ನನ್ನ ಕೂದಲು ಕತ್ತರಿಸಬೇಕು. ತುದಿಯೆಲ್ಲ ಸೀಳಿ ಹೋಗಿದೆ. ಕತ್ತರಿ ಮಾತ್ರ. ಮೆಷಿನ್ ಆ ದಿನ ಅಂಗಡಿಯಲ್ಲೇ ಇರಬಾರದು, ದರ್ಜಿ ಅಂಕಲ್ ಹತ್ತಿರ ಕೊಟ್ಟಿರಿ. ಹಲಗೆ ಬೇಡ, ನಾನು ಎತ್ತರ ಆಗಿದ್ದೇನೆ.

ಇಂತಿ,
ಒಡತಿ


ಡಿಸೆಂಬರ್ 8

ಒಡತಿಗೆ,

ಕೆಟ್ಟದ್ದು ಮೊದಲು. ಹೆದರಿಕೆಯಾಗಿದೆ. ಅರ್ಜಿ ಬಂದು ನಾಲ್ಕು ದಿನವಾಯಿತು. ಅಂಗಡಿಯ ಕನ್ನಡಿಗೆ ಸಿಕ್ಕಿಸಿ ಇಟ್ಟಿದ್ದೆ. ಯಾರ ತಲೆಗೆ ಕೈ ಹಾಕಿದರೂ ಆ ಖಾಲಿ ಜಾಗವೇ ಎದುರಿಗೆ. ದರ್ಜಿಯನ್ನು ಕೇಳಿದೆ. ಅವನು ಜನ್ಮದಲ್ಲಿ ಮೊದಲ ಸಲ ತಮಾಷೆ ಮಾಡಲಿಲ್ಲ. ಅಮ್ಮನನ್ನು ಕೇಳಿದೆ. "ನಿಮ್ಮನ್ನ ಕೇಳಿದ್ದು ಅವಳು. ನನ್ನನ್ನ ನಡುವೆ ತರಬೇಡಿ" ಎಂದು ಪಕ್ಕದ ಕೋಣೆಗೆ ಹೋದಳು. ಹೋದವಳು ಬಾಗಿಲು ಮುಚ್ಚಲಿಲ್ಲ.

ಮಗು, 'ಅಪ್ಪ' ಎನ್ನುವ ಮಾತು ಅವರದು. ಟೋಪಿಯೊಳಗೆ ಮೊಲ ತಂದವರದು. ಅದಕ್ಕೆ ನಾನು ಕೈ ಹಾಕುವುದಿಲ್ಲ, ನೀನೇ ಕೊಟ್ಟರೂ ತೆಗೆದುಕೊಳ್ಳಲು ಮನಸ್ಸು ಬಾರದು. ಆದರೆ ಅರ್ಜಿಗಳಲ್ಲಿ ಬರೆಯುವ ಮಾತೊಂದಿದೆ. ಮನೆಯಲ್ಲಿ ಯಾರೂ ಯಾರನ್ನೂ ಹಾಗೆಂದು ಕೂಗುವುದಿಲ್ಲ. ಸಹಿ ಮಾಡುವವನು, ಗೇಟಿಗೆ ಬರುವವನು, ತಪ್ಪು ಮಾಡಿದರೆ ಡಾಕ್ಟರ ಹತ್ತಿರ ಓಡುವವನು, ಅಂಥವನಿಗೆ ಇರುವ ಮಾತು ಅದು. 'ತಂದೆ' ಎಂದು ಬರೆದಿದ್ದೇನೆ.

ನೀನು ಹೇಳಿದಂತೆ ಪೆನ್ಸಿಲಿನಲ್ಲೇ ಬರೆದೆ, ಸುಲಭವಾಗಿ ಅಳಿಸುವ ಹಾಗೆ ತೆಳ್ಳಗೆ. ಎರಡೇ ಅಕ್ಷರಕ್ಕೆ ಪೆನ್ಸಿಲನ್ನು ಮೂರು ಸಲ ಚೂಪು ಮಾಡಿದೆ. ಮೂವತ್ತೊಂದು ವರ್ಷದಲ್ಲಿ ಯಾರ ಗಂಟಲ ಮೇಲೆ ಕತ್ತಿ ಇಡುವಾಗಲೂ ಇಷ್ಟು ತಡಮಾಡಿದವನಲ್ಲ ನಾನು. ಅಳಿಸಿದರೆ ಬೇಸರವಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳಾಗುತ್ತದೆ. ಬೇಸರವಾಗುತ್ತದೆ. ಆದರೂ 20ಕ್ಕೆ ಬಂದೇ ಬರುತ್ತೇನೆ, ಗೇಟಿನವನು ಬಿಡದಿದ್ದರೆ ಹೊರಗೆ ನಿಂತಿರುತ್ತೇನೆ.

ತಕ್ಕಡಿಯ ಎಡಪಕ್ಕದಿಂದ ಬಾಚಿದಾಗ ಬ್ರಷ್‌ಗೆ ಬಂದ ಒಂದು ಎಳೆ ಕಳಿಸಿದ್ದೇನೆ. ಹೊಸದು.

ಇಂತಿ,
ತಕ್ಕಡಿಯ ಆಳು


ಡಿಸೆಂಬರ್ 14

ಅಂಕಲ್‌ಗೆ,

ಕೆಟ್ಟದ್ದು ಏನೂ ಇಲ್ಲ. ಎರಡು ಸಲ ಯೋಚಿಸಿ ನೋಡಿದೆ, ನಿಜವಾಗಿ ಇಲ್ಲ.

ಅರ್ಜಿ ಶುಕ್ರವಾರ ಬಂತು. ನೀವು ಎಷ್ಟು ತೆಳ್ಳಗೆ ಬರೆದಿದ್ದಿರೆಂದರೆ ವಾರ್ಡನ್ ಕಿಟಕಿಯ ಬೆಳಕಿಗೆ ಹಿಡಿದು, "ಇಲ್ಲೇನೂ ಬರೆದೇ ಇಲ್ವಲ್ಲಮ್ಮ" ಎಂದರು. ನಾನು ಅವರ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಅಲ್ಲೇ ನಿಂತು ನಿಮ್ಮ ಅಕ್ಷರಗಳ ಮೇಲೆಯೇ ತಿದ್ದಿದೆ. ಒಂದನೇ ಕ್ಲಾಸಿನಲ್ಲಿ ತಿದ್ದುತ್ತಿದ್ದ ಹಾಗೆ, ಗೆರೆ ಆಚೆ ಈಚೆ ಹೋಗದಂತೆ. ಈಗ ದೂರಕ್ಕೂ ಕಾಣುತ್ತದೆ. ವಾರ್ಡನ್ ಮೊಹರು ಒತ್ತಿದರು.

ಕರೆಯುವಾಗ ಮಾತ್ರ ಅಂಕಲ್ ಎಂದೇ ಕರೆಯುತ್ತೇನೆ. ಅಭ್ಯಾಸವಾಗಿ ಹೋಗಿದೆ.

20ಕ್ಕೆ ಬೆಳಿಗ್ಗೆ ಹತ್ತಕ್ಕೆ ಬನ್ನಿ. ತಕ್ಕಡಿಯನ್ನು ಕರೆತರಬೇಡಿ, ಬಸ್ಸು ಅವಳಿಗೆ ಆಗುವುದಿಲ್ಲ. ಮೀಸೆ ಹಾಗೇ ಇರಲಿ.

ಇಂತಿ,
ನಿಮ್ಮ ಮೊದಲ ಗಿರಾಕಿ, 21ರ ಬೆಳಿಗ್ಗೆ